ಬಂದವನಿಗೂ ಒಂದು ಮನೆ ಬೇಕಲ್ಲ

2019ರ ಫೆಬ್ರವರಿಯ ಕೊನೆ. ಡೊಂಬಿವಲಿಯಿಂದ ಥಾಣೆಗೆ ಹೊರಟ ಲೋಕಲ್‌ನಲ್ಲಿ ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲ ಮೊಬೈಲಿನಲ್ಲೂ ವಿಂಗ್ ಕಮಾಂಡರ್ ಅಭಿನಂದನ್. ಪಕ್ಕದಲ್ಲಿ ಕೂತಿದ್ದವರು ನಮ್ಮ ಸೊಸೈಟಿಯವರೇ, ಹುಬ್ಬಳ್ಳಿ ಕಡೆಯವರು. ಮೆಲ್ಲಗೆ ಅಂದರು: "ಅಲ್ರೀ ರಾಯರ, ವೈರಿ ಕೈಗೆ ಸಿಗೋದಕ್ಕಿಂತ ಅಲ್ಲೇ ಪ್ರಾಣ ಬಿಟ್ಟಿದ್ರ ಚಲೋ ಇತ್ತಲ್ಲ?" ಮುಂಬ್ರಾ ದಾಟುವ ತನಕ ನನಗೆ ಮಾತೇ ಹೊರಡಲಿಲ್ಲ. ಮಾರ್ಚ್ 1ರ ರಾತ್ರಿ ಅಭಿನಂದನ್ ಗಡಿ ದಾಟಿ ಬಂದಾಗ ಇದೇ ಮಹಾಶಯರು ಮನೆಮನೆಗೆ ಪೇಢೆ ಹಂಚಿದರು. ನಾನೂ ತಿಂದೆ. ಅಂದು ಪೇಢೆಯ ಜೊತೆ ನುಂಗಿಕೊಂಡ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಸೆರೆ ಸಿಕ್ಕುವುದು ಅವಮಾನವಲ್ಲ. 1949ರ ಜಿನೀವಾ ಒಪ್ಪಂದದಂತೆ ಯುದ್ಧಕೈದಿ ಹೇಳಬೇಕಾದದ್ದು ಹೆಸರು, ಹುದ್ದೆ, ನಂಬರು, ಹುಟ್ಟಿದ ತಾರೀಕು, ಅಷ್ಟೇ. ಉಳಿದದ್ದನ್ನು ಒಂಟಿ ಕೋಣೆಯಲ್ಲಿ ಕೂತು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದೂ ಯುದ್ಧವೇ. ನಮ್ಮ ಕೊಡಗಿನ ನಂದಾ ಕಾರ್ಯಪ್ಪನವರ ವಿಮಾನ 1965ರ ಸೆಪ್ಟೆಂಬರ್ 22ರಂದು, ಯುದ್ಧದ ಕೊನೆಯ ದಿನ, ಉರುಳಿತು. ಬೆನ್ನಿಗೆ ಪೆಟ್ಟು, ಮೇಲೆ ಪಾಕಿಸ್ತಾನದ ಸೆರೆ. ಅಯೂಬ್ ಖಾನರು ಹಿಂದೆ ತಂದೆ ಕಾರ್ಯಪ್ಪನವರ ಕೈಕೆಳಗಿದ್ದವರು. ಮಗನನ್ನು ಬಿಡುತ್ತೇವೆಂದು ಹೇಳಿ ಕಳಿಸಿದರೆ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ನೋಡಿಕೊಳ್ಳಿ ಎಂದರಂತೆ ಅಪ್ಪ. ಸಭೆಗಳಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತದೆ, ಬೀಳಬೇಕಾದದ್ದೇ. ಆದರೆ ಮಗನ ಆ ತಿಂಗಳುಗಳು ಹೇಗಿದ್ದವು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಅವರು ಮರಳಿ ಬಂದು ಏರ್ ಮಾರ್ಷಲ್ ಆದರು. ಹುಬ್ಬಳ್ಳಿಯವರ ಲೆಕ್ಕದಲ್ಲಿ ಅವರು ಅಲ್ಲೇ ಸಾಯಬೇಕಿತ್ತು!

ಕಾರ್ಯಪ್ಪನಂಥ ಅಪ್ಪನಿಲ್ಲದವರ ಗತಿ ಏನು? ಉತ್ತರ ಪ್ರದೇಶದ ಯೋಧ ಆರಿಫ್ 1999ರಲ್ಲಿ ಕಾರ್ಗಿಲ್ ಯುದ್ಧದ ಹೊತ್ತಿಗೆ ಕಾಣೆಯಾದರು. ಸೇನೆಯ ಕಡತದಲ್ಲಿ ಬಿದ್ದ ಹೆಸರು 'ಪಲಾಯನ ಮಾಡಿದವ'. 2004ರಲ್ಲಿ ಪಾಕಿಸ್ತಾನದ ಜೈಲಿನಿಂದ ಬಂದರು. ಅಷ್ಟರಲ್ಲಿ ಹೆಂಡತಿ ಗುಡಿಯಾಗೆ ಮನೆಯವರು ಇನ್ನೊಂದು ಮದುವೆ ಮಾಡಿಸಿದ್ದರು, ಆಕೆ ತುಂಬು ಗರ್ಭಿಣಿ. ಯಾರ ಜೊತೆ ಬಾಳಬೇಕೆಂದು ಪಂಚಾಯಿತಿ ಕೂಡಿತು, ಟಿವಿ ಕ್ಯಾಮೆರಾಗಳೂ ಕೂಡಿದವು. 2006ರ ಜನವರಿಯಲ್ಲಿ ಆಕೆ ತೀರಿಕೊಂಡಳು. ಇದರಲ್ಲಿ ಶತ್ರುವಿನ ಪಾಲೆಷ್ಟು, ನಮ್ಮ ಪಾಲೆಷ್ಟು? ನೀವೇ ಲೆಕ್ಕ ಹಾಕಿ.

ನಾನೇನೂ ಸಾಚಾ ಅಲ್ಲ. ಕಲ್ಯಾಣದ ಶಾಖೆಯಲ್ಲಿದ್ದಾಗ ಒಬ್ಬ ಹೆಣ್ಣುಮಗಳು ಬಂದಿದ್ದಳು. ಗಂಡ ಹಡಗಿನ ಕೆಲಸಕ್ಕೆ ಹೋದವನು, ಮೂರು ವರ್ಷದಿಂದ ಸುದ್ದಿಯಿಲ್ಲ. "ಡೆತ್ ಸರ್ಟಿಫಿಕೇಟ್ ತನ್ನಿ, ಇಲ್ಲಾಂದ್ರೆ ಅವರನ್ನೇ ಕರಕೊಂಡು ಬನ್ನಿ" ಅಂದೆ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತನೆಂದು ಭಾವಿಸಲು ಕಾನೂನು ಒಪ್ಪುತ್ತದೆ. ಅಲ್ಲಿಯ ತನಕ ನಮ್ಮ ಫಾರಮ್ಮಿನಲ್ಲಿ ಇದ್ದವನು, ಸತ್ತವನು ಎಂಬ ಎರಡೇ ಕಾಲಂ. ಆಕೆ ಬದುಕುತ್ತಿದ್ದದ್ದು ಅಲ್ಲಿ ಇಲ್ಲದ ಮೂರನೆಯ ಕಾಲಂನಲ್ಲಿ.

ಆ ಮೂರನೆಯ ಕಾಲಂನಲ್ಲೇ ದಮಯಂತಿ ತಾಂಬೆಯವರೂ ದಶಕಗಟ್ಟಲೆ ಬದುಕಿದರು. ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್. ಗಂಡ ಫ್ಲೈಟ್ ಲೆಫ್ಟಿನೆಂಟ್ ವಿಜಯ್ ತಾಂಬೆ 1971ರ ಡಿಸೆಂಬರ್ 5ರಂದು ಹಾರಿ ಹೋದವರು ಬರಲಿಲ್ಲ. ಸೆರೆ ಸಿಕ್ಕವರ ಹೆಸರುಗಳಲ್ಲಿ ಅವರದನ್ನು ಹೋಲುವ ಹೆಸರು ಆ ಕಡೆಯ ಪತ್ರಿಕೆಯಲ್ಲಿ ಬಂದಿತ್ತು. ಹೀಗೆ ಕಾಣೆಯಾದ 54 ಮಂದಿಯ ಪಟ್ಟಿ ಹಿಡಿದು 2007ರಲ್ಲಿ ಬಂಧುಗಳು ಪಾಕಿಸ್ತಾನದ ಜೈಲುಗಳನ್ನು ನೋಡಿ ಬಂದರು, ಬರಿಗೈಯಲ್ಲಿ. ನಮ್ಮಲ್ಲಿ ಅಧಿಕಾರಕ್ಕೆ ಯಾರೇ ಬಂದರೂ ಆ ಪಟ್ಟಿ ಮಾತ್ರ ಹಾಗೇ ಉಳಿಯಿತು.

ನಾವು ಡೊಂಬಿವಲಿ, ವಾಶಿಯ ಕನ್ನಡಿಗರು ಊರು ಬಿಟ್ಟದ್ದರ ದುಃಖ ತೋಡಿಕೊಳ್ಳುವುದರಲ್ಲಿ ಗಟ್ಟಿಗರು. ಆದರೆ ನಮ್ಮದು ಎಲ್‌ಎಫ್‌ಸಿ ಇದ್ದ ವನವಾಸ. ರಜೆಗೆ ಊರಿಗೆ ಹೋದಾಗ ನಮ್ಮ ಕೋಣೆಯಲ್ಲಿ ಅಡಿಕೆ ಮೂಟೆ ಒಟ್ಟಿದ್ದರೆ ಮನಸ್ಸಿಗೆ ಚುರುಕ್ ಅನ್ನುತ್ತಿತ್ತು. ಹಾಗಾದರೆ ಸೆರೆಯಿಂದ ಬಂದವನಿಗೆ?

ಊರಲ್ಲಿರುವ ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟೇ. ಅಂಥವನೊಬ್ಬ ಬಂದರೆ ಹಾರ ತುರಾಯಿ ಆಮೇಲಾಯಿತು. "ಹೇಗಪ್ಪಾ ಸಿಕ್ಕಿಬಿದ್ದೆ?" ಅಂತ ಕೇಳಬೇಡಿ. "ಊಟ ಆಯ್ತಾ?" ಅಂತ ಕೇಳಿ. ಮಾತಾಡುವುದಾದರೆ ಅವನೇ ಮಾತಾಡುತ್ತಾನೆ.