ಸೋತವರಿಗೂ ಒಂದು ಅಂಕ

ಮಳೆಗಾಲದ ನಡುವೆಯೇ ನಮ್ಮ ಶಾಲೆಗಳಲ್ಲಿ ತಾಲೂಕು ಮಟ್ಟದ ಕ್ರೀಡಾಕೂಟಗಳು ಆರಂಭವಾಗುತ್ತವೆ. ಬಾಸ್ಕೆಟ್‌ಬಾಲ್ ಪಂದ್ಯವೊಂದು ನಡೆಯುತ್ತಿದೆ ಎಂದುಕೊಳ್ಳಿ. ಒಂದು ತಂಡದ ಪಾಯಿಂಟು 50, ಇನ್ನೊಂದರದು 36. ಇನ್ನುಳಿದಿರುವುದು ಮೂರೇ ನಿಮಿಷ. ನೋಡುತ್ತಿದ್ದವರು ಕೊಡೆ ಬಿಡಿಸಿ ಮನೆಯತ್ತ ಹೊರಡುತ್ತಾರೆ. ಹಿಂದೆ ಬಿದ್ದ ತಂಡದ ಮಕ್ಕಳ ಕಾಲು ಭಾರವಾಗಿದೆ. ‘ಇನ್ನೇನು, ಮುಗಿಯಿತಲ್ಲ, ಸುಮ್ಮನೆ ಯಾಕೆ ಓಡುವುದು?’ ಎಂದು ಅವರಿಗೆ ಅನಿಸಿದರೆ ತಪ್ಪೇನು?

ಈ ಪ್ರಶ್ನೆಗೆ ಉತ್ತರ ಬೇಕಾದರೆ ದೊಡ್ಡ ಪಂದ್ಯಾವಳಿಗಳ ಅರ್ಹತಾ ಸುತ್ತುಗಳು ಹೇಗೆ ನಡೆಯುತ್ತವೆ ಎಂಬುದನ್ನು ತಿಳಿಯಬೇಕು.

ಬಾಸ್ಕೆಟ್‌ಬಾಲಿನ ಅಂತಾರಾಷ್ಟ್ರೀಯ ಸಂಸ್ಥೆ ‘ಫಿಬಾ’ ಹುಟ್ಟಿದ್ದು 1932ರಲ್ಲಿ, ಜಿನೀವಾ ನಗರದಲ್ಲಿ. ಇಂದು ಅದರಲ್ಲಿ 200ಕ್ಕೂ ಹೆಚ್ಚು ದೇಶಗಳಿವೆ. ಆದರೆ ಪುರುಷರ ವಿಶ್ವಕಪ್ಪಿನಲ್ಲಿ ಆಡುವ ಅವಕಾಶ 32 ತಂಡಗಳಿಗೆ ಮಾತ್ರ. ಎಲ್ಲರನ್ನೂ ಒಂದೇ ಊರಿಗೆ ಕರೆದು ಆಡಿಸಲು ಸಾಧ್ಯವಿಲ್ಲ. ಆದ್ದರಿಂದ ಜಗತ್ತನ್ನು ವಲಯಗಳಾಗಿ ವಿಂಗಡಿಸಿ, ಆಯಾ ವಲಯದಲ್ಲಿ ಪಂದ್ಯಗಳನ್ನು ನಡೆಸಿ, ಮೇಲೆ ಬಂದವರನ್ನು ಮಾತ್ರ ಕರೆಯುತ್ತಾರೆ. ನಮ್ಮಲ್ಲಿ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲುಗಳಿರುವಂತೆಯೇ ಇದೂ. ಕಾಪುವಿನ ಅಥವಾ ಕಾರ್ಕಳದ ಶಾಲೆಯ ತಂಡ ತಾಲೂಕಿನಲ್ಲಿ ಗೆದ್ದರೆ ಉಡುಪಿ ಜಿಲ್ಲಾ ಕೂಟಕ್ಕೆ, ಅಲ್ಲಿ ಗೆದ್ದರೆ ಮೈಸೂರು ವಿಭಾಗಕ್ಕೆ, ಅಲ್ಲಿಂದ ರಾಜ್ಯ ಮಟ್ಟಕ್ಕೆ. ಏಣಿ ಒಂದೇ. ಅದರ ಕೆಳಗಿನ ಮೆಟ್ಟಿಲು ನಮ್ಮ ಶಾಲೆಯ ಅಂಗಳದಲ್ಲಿದೆ, ಮೇಲಿನದು ವಿಶ್ವಕಪ್ಪಿನಲ್ಲಿದೆ.

ಭಾರತಕ್ಕೆ ಬಹುಕಾಲ ಈ ಏಣಿಯ ಒಂದು ಮೆಟ್ಟಿಲು ದಕ್ಷಿಣ ಏಷ್ಯಾ ಚಾಂಪಿಯನ್‌ಶಿಪ್ ಆಗಿತ್ತು. ನೆರೆಹೊರೆಯ ದೇಶಗಳೊಡನೆ ಆಡಿ ಗೆದ್ದವರು ಏಷ್ಯಾ ಮಟ್ಟಕ್ಕೆ ಹೋಗುತ್ತಿದ್ದರು. ಹೀಗೆ ಅರ್ಹತೆ ಪಡೆದು 2014ರ ಜುಲೈನಲ್ಲಿ ಚೀನದ ವುಹಾನ್ ನಗರಕ್ಕೆ ಹೋದ ಭಾರತದ ಪುರುಷರ ತಂಡ, ಚೀನವನ್ನು ಅದರ ನೆಲದಲ್ಲಿಯೇ 65–58ರಿಂದ ಸೋಲಿಸಿ ಎಲ್ಲರನ್ನೂ ಚಕಿತಗೊಳಿಸಿತು. 2015ರಲ್ಲಿ ದಕ್ಷಿಣ ಏಷ್ಯಾದ ಅರ್ಹತಾ ಪಂದ್ಯಗಳು ನಮ್ಮ ಬೆಂಗಳೂರಿನಲ್ಲೇ ನಡೆದವು. ಅಲ್ಲಿ ಗೆದ್ದ ಭಾರತ ಚೀನದ ಚಾಂಗ್‌ಶಾದಲ್ಲಿ ನಡೆದ ಏಷ್ಯಾ ಚಾಂಪಿಯನ್‌ಶಿಪ್ಪಿನಲ್ಲಿ ಆಡಿ ಎಂಟನೆಯ ಸ್ಥಾನ ಪಡೆಯಿತು.

ನಮ್ಮ ಹೆಣ್ಣುಮಕ್ಕಳ ಕಥೆ ಇನ್ನೂ ಸ್ವಾರಸ್ಯಕರ. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಬಲಿಷ್ಠ ತಂಡಗಳು ‘ಎ’ ವಿಭಾಗದಲ್ಲಿ, ಉಳಿದವು ‘ಬಿ’ ವಿಭಾಗದಲ್ಲಿ. ಭಾರತ ಇದ್ದದ್ದು ‘ಬಿ’ಯಲ್ಲಿ. ಮುಂದೆ 2021ರಲ್ಲಿ ಪದ್ಮಶ್ರೀ ಪಡೆದ ಅನಿತಾ ಪಾಲ್‌ದುರೈ ಆ ತಂಡದಲ್ಲಿದ್ದರು. ‘ಬಿ’ ವಿಭಾಗದ ಫೈನಲ್ಲಿನಲ್ಲಿ ಭಾರತ ಕಜಾಕಸ್ತಾನವನ್ನು 75–73ರಿಂದ ಸೋಲಿಸಿತು. ಅಂತರ ಎರಡೇ ಪಾಯಿಂಟು, ಅಂದರೆ ಒಂದೇ ಒಂದು ಬುಟ್ಟಿ. ಆ ಒಂದು ಬುಟ್ಟಿಯ ಫಲವಾಗಿ ಭಾರತ ‘ಎ’ ವಿಭಾಗಕ್ಕೆ ಏರಿತು. 2019ರಲ್ಲಿ ಅದೇ ಕ್ರೀಡಾಂಗಣದಲ್ಲಿ ಜಪಾನ್, ಚೀನ, ಆಸ್ಟ್ರೇಲಿಯಗಳಂಥ ತಂಡಗಳ ಸಾಲಿನಲ್ಲಿ ನಿಂತು ಆಡಿತು. 2017ರ ‘ಎ’ ವಿಭಾಗದ ಫೈನಲ್ಲಿನಲ್ಲಾದರೂ ಅಂತರ ಎಷ್ಟಿತ್ತು? ಜಪಾನ್ 74, ಆಸ್ಟ್ರೇಲಿಯ 73!

ಈಗ ಲೆಕ್ಕಕ್ಕೆ ಬರೋಣ. ಕ್ರಿಕೆಟ್, ಫುಟ್‌ಬಾಲ್ ನೋಡಿ ಅಭ್ಯಾಸವಾದವರಿಗೆ ಬಾಸ್ಕೆಟ್‌ಬಾಲಿನ ಅಂಕಪಟ್ಟಿ ವಿಚಿತ್ರವೆನಿಸೀತು. ಫಿಬಾ ನಿಯಮದ ಪ್ರಕಾರ ಗೆದ್ದ ತಂಡಕ್ಕೆ 2 ಅಂಕ. ಸೋತ ತಂಡಕ್ಕೆ ಸೊನ್ನೆಯಲ್ಲ, 1 ಅಂಕ. ಸೊನ್ನೆ ಸಿಗುವುದು ಆಡಲು ಬಾರದವರಿಗೆ ಅಥವಾ ಆಡಲು ಒಪ್ಪದವರಿಗೆ. ಸೋಲು ಬೇರೆ, ಹಾಜರಾಗದಿರುವುದು ಬೇರೆ ಎಂಬ ವ್ಯತ್ಯಾಸವನ್ನು ನಿಯಮವೇ ಗುರುತಿಸಿದೆ.

ಎರಡು ಅಥವಾ ಹೆಚ್ಚು ತಂಡಗಳ ಅಂಕ ಸಮನಾದರೆ? ಆಗ ಆ ತಂಡಗಳು ತಮ್ಮತಮ್ಮೊಳಗೆ ಆಡಿದ ಪಂದ್ಯಗಳನ್ನು ಮಾತ್ರ ಪರಿಗಣಿಸುತ್ತಾರೆ. ಅಲ್ಲಿಯೂ ಸಮವಾದರೆ ಆ ಪಂದ್ಯಗಳಲ್ಲಿ ಹೊಡೆದ ಪಾಯಿಂಟುಗಳಿಂದ ಬಿಟ್ಟುಕೊಟ್ಟ ಪಾಯಿಂಟುಗಳನ್ನು ಕಳೆಯುತ್ತಾರೆ. ಈ ಅಂತರ ಯಾರದು ಹೆಚ್ಚೋ ಅವರು ಮೇಲೆ.

ಒಂದು ಕಾಲ್ಪನಿಕ ಗುಂಪನ್ನು ತೆಗೆದುಕೊಳ್ಳಿ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂಬ ನಾಲ್ಕು ತಂಡಗಳು. ಎರಡು ತಂಡಗಳಿಗೆ ಮಾತ್ರ ಮುಂದಿನ ಸುತ್ತಿಗೆ ಅವಕಾಶ. ಮಣಿಪಾಲ ಮೂವರನ್ನೂ ಸೋಲಿಸಿ 6 ಅಂಕ ಪಡೆದು ಮೊದಲನೆಯದಾಯಿತು. ಉಳಿದವರಲ್ಲಿ ಉಡುಪಿ ಕಾಪುವನ್ನು 52–40ರಿಂದ ಸೋಲಿಸಿತು. ಕಾಪು ಕಾರ್ಕಳವನ್ನು 47–42ರಿಂದ ಸೋಲಿಸಿತು. ಕಾರ್ಕಳ ಉಡುಪಿಯನ್ನು 50–44ರಿಂದ ಸೋಲಿಸಿತು. ಮೂರಕ್ಕೂ ಒಂದೊಂದು ಗೆಲುವು, ಎರಡೆರಡು ಸೋಲು. ತಲಾ 4 ಅಂಕ. ಪರಸ್ಪರ ಪಂದ್ಯಗಳಲ್ಲೂ ಸಮಸಮ. ಇನ್ನು ಅಂತರ ನೋಡಬೇಕು. ಉಡುಪಿಗೆ 12ರಲ್ಲಿ 6 ಕಳೆದು +6. ಕಾರ್ಕಳಕ್ಕೆ 6ರಲ್ಲಿ 5 ಕಳೆದು +1. ಕಾಪುವಿಗೆ 5ರಲ್ಲಿ 12 ಕಳೆದು –7. ಉಡುಪಿ ಎರಡನೆಯ ಸ್ಥಾನ ಪಡೆದು ಮುಂದಕ್ಕೆ ಹೋಯಿತು.

ಈಗ ಮೊದಲು ಹೇಳಿದ ಪಂದ್ಯವನ್ನು ನೆನಪಿಸಿಕೊಳ್ಳಿ. 50–36ರಲ್ಲಿ ಹಿಂದೆ ಬಿದ್ದಿದ್ದದ್ದು ಈ ಉಡುಪಿ ತಂಡವೇ, ಎದುರಿಗಿದ್ದದ್ದು ಕಾರ್ಕಳ. ಕೊನೆಯ ಮೂರು ನಿಮಿಷ ಅದು ಕೈಚೆಲ್ಲಿ ನಿಂತಿದ್ದರೆ 14 ಪಾಯಿಂಟುಗಳಿಂದ ಸೋಲುತ್ತಿತ್ತು. ಆಗ ಉಡುಪಿಯ ಅಂತರ –2, ಕಾರ್ಕಳದ್ದು +9. ಮುಂದಕ್ಕೆ ಹೋಗುತ್ತಿದ್ದದ್ದು ಕಾರ್ಕಳ. ಮಕ್ಕಳು ಸೋಲು ಖಚಿತವೆಂದು ಗೊತ್ತಿದ್ದೂ ಓಡಿ, ಒಂದು ಪಾಯಿಂಟನ್ನೂ ಬಿಟ್ಟುಕೊಡದೆ 8 ಪಾಯಿಂಟು ಹೊಡೆದದ್ದರಿಂದ ಲೆಕ್ಕ ತಿರುಗಿತು. ನೋಡುತ್ತಿದ್ದವರು ಎದ್ದು ಹೋದ ಮೇಲೆ ಬಿದ್ದ ಬುಟ್ಟಿಗಳೇ ತಂಡವನ್ನು ಮುಂದಿನ ಸುತ್ತಿಗೆ ದಾಟಿಸಿದವು. ಹನಿ ಹನಿ ಗೂಡಿದರೆ ಹಳ್ಳ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಆ ಒಂದೊಂದು ಪಾಯಿಂಟು ಬರುವುದು ಹೇಗೆ ಎಂಬುದರಲ್ಲಿ ಹತ್ತನೆಯ ತರಗತಿಯ ತ್ರಿಕೋನಮಿತಿ ಅಡಗಿದೆ. ರಿಂಗಿನ ಎತ್ತರ ನೆಲದಿಂದ 3.05 ಮೀಟರ್, ಒಳವ್ಯಾಸ 45 ಸೆಂಟಿಮೀಟರ್. ಚೆಂಡಿನ ವ್ಯಾಸ ಸುಮಾರು 24 ಸೆಂಟಿಮೀಟರ್. ‘ಇಷ್ಟು ದೊಡ್ಡ ರಿಂಗಿಗೆ ಇಷ್ಟು ಸಣ್ಣ ಚೆಂಡು ಹಾಕಲು ಏನು ಕಷ್ಟ?’ ಎನ್ನಬಹುದು. ಒಂದು ಬಳೆಯನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು ನೇರ ಮೇಲಿನಿಂದ ನೋಡಿ. ಪೂರ್ಣ ವೃತ್ತ ಕಾಣುತ್ತದೆ. ಕಣ್ಣನ್ನು ಮೆಲ್ಲನೆ ಕೆಳಗಿಳಿಸುತ್ತ ಓರೆಯಾಗಿ ನೋಡಿ. ಬಳೆಯ ಬಾಯಿ ಕಿರಿದಾಗುತ್ತ ಹೋಗುತ್ತದೆ. ಚೆಂಡಿಗೂ ರಿಂಗು ‘ಕಾಣುವುದು’ ಹೀಗೆಯೇ. ಚೆಂಡು ಬರುವ ಕೋನದ ಸೈನ್ ಬೆಲೆಯಿಂದ 45ನ್ನು ಗುಣಿಸಿದರೆ ಅದಕ್ಕೆ ಸಿಗುವ ದಾರಿಯ ಅಗಲ ತಿಳಿಯುತ್ತದೆ. 60 ಡಿಗ್ರಿಯಲ್ಲಿ ಇಳಿದರೆ 39 ಸೆಂಟಿಮೀಟರ್. 45 ಡಿಗ್ರಿಯಲ್ಲಿ ಸುಮಾರು 32. 30 ಡಿಗ್ರಿಯಲ್ಲಿ 22.5 ಮಾತ್ರ, ಅಂದರೆ ಚೆಂಡಿಗಿಂತಲೂ ಕಿರಿದು! ಸುಮಾರು 32 ಡಿಗ್ರಿಗಿಂತ ಚಪ್ಪಟೆಯಾಗಿ ಬಂದ ಚೆಂಡು ರಿಂಗಿಗೆ ತಾಗದೆ ಒಳಗೆ ಇಳಿಯಲಾರದು. ಆದ್ದರಿಂದಲೇ ತರಬೇತುದಾರರು ‘ಎತ್ತಿ ಹಾಕು, ಎತ್ತಿ ಹಾಕು’ ಎಂದು ಕೂಗುವುದು.

ಫ್ರೀ ಥ್ರೋ ಎಂಬುದು ಈ ಲೆಕ್ಕದ ಅತಿ ಸರಳ ಪಾಠ. ರಿಂಗಿನ ಹಿಂದಿನ ಹಲಗೆಯಿಂದ 4.6 ಮೀಟರ್ ದೂರದ ಗೆರೆ, ಎದುರಿಗೆ ತಡೆಯುವವರಿಲ್ಲ, ಬಿದ್ದರೆ ಒಂದು ಪಾಯಿಂಟು. ಆದರೆ ಓಡಿ ಓಡಿ ಉಸಿರು ಮೇಲೆ ಬಂದಿರುವಾಗ ಕೈ ಅದೇ ಕೋನದಲ್ಲಿ ಏಳಬೇಕು. ಅದು ಸಾವಿರಾರು ಬಾರಿ ಎಸೆದ ಕೈಗೆ ಮಾತ್ರ ಬರುವ ವಿದ್ಯೆ. 2025ರ ಪುರುಷರ ಏಷ್ಯಾ ಕಪ್ ಫೈನಲ್ಲಿನಲ್ಲಿ ಆಸ್ಟ್ರೇಲಿಯ ಚೀನವನ್ನು ಸೋಲಿಸಿದ್ದು 90–89ರಿಂದ. ಒಂದು ಪಾಯಿಂಟಿನ ಬೆಲೆ ಎಷ್ಟೆಂದು ಬೇರೆ ಹೇಳಬೇಕೇ?

ಅಭ್ಯಾಸಕ್ಕೆ ನಮ್ಮ ಕರಾವಳಿಯಲ್ಲಿ ಒಂದು ತೊಡಕಿದೆ. ಹೊರಗೆ ಹಿಮ ಬೀಳುವ ಚಳಿಗಾಲದಲ್ಲಿ ಒಳಗೆ ಆಡಲು ಒಂದು ಆಟ ಬೇಕೆಂದು 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕ ರೂಪಿಸಿದ ಆಟ ಇದು. ಮಾಡಿನ ಕೆಳಗೆ ಹುಟ್ಟಿದ ಈ ಆಟವನ್ನು ನಮ್ಮ ಹೆಚ್ಚಿನ ಮಕ್ಕಳು ಬಯಲಿನ ಸಿಮೆಂಟು ಅಂಕಣದಲ್ಲಿ ಆಡುತ್ತಾರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಊರು ನಮ್ಮದು. ನೀರು ನಿಂತ, ಪಾಚಿ ಕಟ್ಟಿದ ನೆಲದಲ್ಲಿ ಘರ್ಷಣೆ ಕಡಿಮೆ. ತಿರುಗುವಾಗ ಕಾಲು ಜಾರುತ್ತದೆ, ಚೆಂಡೂ ಕೈಯಲ್ಲಿ ನಿಲ್ಲುವುದಿಲ್ಲ. ಕೂಟಗಳು ಬರುವುದೂ ಇದೇ ತಿಂಗಳುಗಳಲ್ಲಿ. ಮಣಿಪಾಲದ ವಿಶ್ವವಿದ್ಯಾಲಯದಲ್ಲಿ ಒಳಾಂಗಣ ಕ್ರೀಡಾ ಸಂಕೀರ್ಣವಿದೆ. ಆದರೆ ಕಾಪು ಅಥವಾ ಕಾರ್ಕಳದ ಹಳ್ಳಿ ಶಾಲೆಯ ಮಗುವಿಗೆ ಅಂಥ ಮಾಡು ದೂರದ ಮಾತು. ಶಾಲೆಯ ಸಭಾಂಗಣವನ್ನು ಸಂಜೆ ಒಂದು ಗಂಟೆ ತೆರೆದುಕೊಟ್ಟರೆ ಚೆಂಡು ಪುಟಿಸುವುದನ್ನು, ಪಾಸು ಕೊಡುವುದನ್ನು ಅಲ್ಲಿ ಕಲಿಯಬಹುದು. ರಿಂಗೇ ಬೇಕೆಂದಿಲ್ಲ. ಎತ್ತಿ ಎಸೆಯುವ ಕೋನವನ್ನು ಗೋಡೆಯ ಮೇಲೆ ಗೆರೆ ಎಳೆದೂ ಅಭ್ಯಾಸ ಮಾಡಬಹುದು.

ಮಳೆಗಿಂತ ದೊಡ್ಡ ತೊಡಕು ಮನೆಯೊಳಗೇ ಇದೆ. ‘ಹತ್ತನೇ ಕ್ಲಾಸಲ್ವಾ ಮಗಾ, ಈ ವರ್ಷ ಆಟ ಬೇಡ. ಪರೀಕ್ಷೆ ಮುಗಿಯಲಿ, ಆಮೇಲೆ ಆಡುವಿಯಂತೆ’ ಎಂಬ ಮಾತು ಜೂನ್ ತಿಂಗಳಲ್ಲಿ ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ! ಹೆತ್ತವರ ಕಳವಳ ಸುಳ್ಳಲ್ಲ. ಮಗಳು ಅಭ್ಯಾಸ ಮುಗಿಸಿ ಉಡುಪಿಯಿಂದ ಬಸ್ಸು ಹಿಡಿದು ಕಾಪುವಿಗೆ ಬರುವಾಗ ಕತ್ತಲಾಗುತ್ತದೆ. ಕಾರ್ಕಳಕ್ಕಾದರೆ ಇನ್ನೂ ತಡ. ಹೋಂವರ್ಕ್ ಬಾಕಿ, ಮೈಕೈ ನೋವು. ಮಳೆಗೆ ನೆನೆದು ಜ್ವರ ಬಂದರೆ ಎಂಬ ಹೆದರಿಕೆ ಬೇರೆ. ಇಂಥ ಕಳವಳಕ್ಕೆ ಮಾತಿಗಿಂತ ವ್ಯವಸ್ಥೆ ಮುಖ್ಯ. ವಾರಕ್ಕೆ ಮೂರು ದಿನ ಸಾಕೆಂದು ಶಿಕ್ಷಕರೊಡನೆ ಗೊತ್ತುಮಾಡಿಕೊಳ್ಳಬಹುದು. ಒಂದೇ ದಾರಿಯ ಮಕ್ಕಳು ಜತೆಯಾಗಿ ಮರಳಬಹುದು. ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಆಟವನ್ನು ತಗ್ಗಿಸಬಹುದು. ಆದರೆ ಜೂನಿನಲ್ಲೇ ಹೆಸರು ಹೊಡೆದುಹಾಕಿಸಿದರೆ ಆ ವರ್ಷದ ಪಟ್ಟಿಯಲ್ಲಿ ಮಗುವಿನ ಎದುರು ಬೀಳುವುದು ಸೋಲಿನ ಒಂದು ಅಂಕವಲ್ಲ, ಸೊನ್ನೆ.

ಹಾಜರಾತಿಯ ಬೆಲೆಗೆ ಇತ್ತೀಚಿನ ಒಂದು ಉದಾಹರಣೆಯಿದೆ. 2023ರ ವಿಶ್ವಕಪ್ಪಿನ ಏಷ್ಯಾ ಅರ್ಹತಾ ಸುತ್ತಿನಲ್ಲಿ ಭಾರತದ ಗುಂಪಿನಲ್ಲಿದ್ದ ಇತರರು ನ್ಯೂಜಿಲೆಂಡ್, ಫಿಲಿಪ್ಪೀನ್ಸ್ ಮತ್ತು ದಕ್ಷಿಣ ಕೊರಿಯ. 2022ರ ಫೆಬ್ರುವರಿಯಲ್ಲಿ ಕೋವಿಡ್ ಕಾರಣದಿಂದ ಕೊರಿಯದ ತಂಡ ಪಂದ್ಯಗಳಿಗೆ ಹೋಗಲಿಲ್ಲ. ಫಿಬಾ ಅದನ್ನು ಸ್ಪರ್ಧೆಯಿಂದಲೇ ಹೊರಗಿಟ್ಟಿತು. ಭಾರತವೋ ಆ ಸುತ್ತಿನಲ್ಲಿ ಆಡಿದ ಎಲ್ಲ ಪಂದ್ಯಗಳನ್ನೂ ಸೋತಿತ್ತು. ಆದರೂ ಗುಂಪಿನಲ್ಲಿ ಉಳಿದ ಮೂರು ತಂಡಗಳಲ್ಲಿ ಒಂದಾಗಿ ಎರಡನೆಯ ಸುತ್ತಿಗೆ ಹೋಯಿತು. ಕೊರಿಯ ನಮಗಿಂತ ಎಷ್ಟೋ ಬಲಿಷ್ಠ ತಂಡ. ರೋಗದ ಕಾಲದಲ್ಲಿ ಅದನ್ನು ದೂರುವಂತೆಯೂ ಇಲ್ಲ. ಆದರೆ ಪಟ್ಟಿಯಲ್ಲಿ ಉಳಿದದ್ದು ಆಡಿದವರ ಹೆಸರು.

ಹಾಗೆಂದು ಅದೃಷ್ಟದ ಬಾಗಿಲು ಸದಾ ತೆರೆದಿರುತ್ತದೆಂದಲ್ಲ. ಮುಂದೆ 2025ರ ಏಷ್ಯಾ ಕಪ್ಪಿನ ಅರ್ಹತಾ ಸುತ್ತಿನಲ್ಲಿ ಭಾರತ ಗುಂಪಿನಲ್ಲಿ ಮೂರನೆಯದಾಗಿ, ಮಾರ್ಚ್ ತಿಂಗಳಲ್ಲಿ ಬಹರೇನಿನಲ್ಲಿ ನಡೆದ ಹೆಚ್ಚುವರಿ ಪಂದ್ಯಗಳಲ್ಲಿ ಗೆದ್ದು ತನ್ನ ಬಲದಿಂದಲೇ ಸ್ಥಾನ ಗಳಿಸಿತು. ಆಗಸ್ಟ್‌ನಲ್ಲಿ ಸೌದಿ ಅರೇಬಿಯದ ಜೆಡ್ಡಾದಲ್ಲಿ 16 ತಂಡಗಳ ಕೂಟದಲ್ಲಿ ಆಡಿದ ಮೂರು ಪಂದ್ಯಗಳನ್ನೂ ಸೋತಿತು. ಮೂರು ಸೋಲು, ಮೂರು ಅಂಕ. ಕಡಿಮೆಯೇ, ಆದರೆ ಸೊನ್ನೆಯಲ್ಲ.

ವಿದ್ಯಾರ್ಥಿಗಳಿಗೆ ಮನೆಯಲ್ಲಿ ಮಾಡಲು ಒಂದು ಲೆಕ್ಕ. ಮೇಲಿನ ಗುಂಪಿನಲ್ಲಿ ಕಾಪು ತಂಡ ಉಡುಪಿಯ ಎದುರು 12 ಪಾಯಿಂಟುಗಳ ಬದಲು 3 ಪಾಯಿಂಟುಗಳಿಂದ ಸೋತಿದ್ದರೆ ಎರಡನೆಯ ಸ್ಥಾನ ಯಾರಿಗೆ ಸಿಗುತ್ತಿತ್ತು? ಉಳಿದ ಫಲಿತಾಂಶಗಳಲ್ಲಿ ಬದಲಾವಣೆ ಇಲ್ಲ. ಇಂದು ರಾತ್ರಿ ಊಟವಾದ ಮೇಲೆ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಲೆಕ್ಕ ಹಾಕಿ. ಉತ್ತರ ಸಿಕ್ಕಿದ ಮೇಲೆ ಈ ವರ್ಷದ ಆಟದ ಮಾತು ತೆಗೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು.