ಗೆಳೆಯನ ಸಾವು ಮತ್ತು ಮಕ್ಕಳ ಮೌನ

ಈ ಅಂಕಣದಲ್ಲಿ ಸಿನೆಮಾದ ವಿಷಯ ಕಂಡು ಕೆಲವು ವಾಚಕರ ಹುಬ್ಬೇರಬಹುದು. ನಾನೇನೂ ಚಿತ್ರರಸಿಕನಲ್ಲ. ಆದರೆ ನಮ್ಮ ಧರ್ಮಕೇಂದ್ರದ ಸಹಾಯಕ ಗುರುಗಳು ತಮ್ಮ ಕಂಪ್ಯೂಟರಿನಲ್ಲಿ ತೋರಿಸಿದ ಒಂದು ಅಮೇರಿಕನ್ ಚಿತ್ರವು ವಾರಗಳು ಕಳೆದರೂ ನನ್ನ ಮನಸ್ಸನ್ನು ಬಿಟ್ಟುಹೋಗಿಲ್ಲ. ಹದಿಹರೆಯದ ಮಕ್ಕಳಿರುವ ಕುಟುಂಬಗಳೊಡನೆ ಅದನ್ನು ಕುರಿತು ಮಾತನಾಡುವುದು ಅಗತ್ಯವೆಂದು ನನಗೆ ತೋರಿದೆ.

ಚಿತ್ರದ ಹೆಸರು ‘ಜಾರ್ಜ್ ವಾಷಿಂಗ್ಟನ್’. ಹೆಸರು ಕೇಳಿ ಇದು ಅಮೇರಿಕದ ಪ್ರಥಮ ಅಧ್ಯಕ್ಷರ ಜೀವನಚರಿತ್ರೆಯೆಂದು ನಾನೂ ಮೊದಲು ಭಾವಿಸಿದ್ದೆ, ಅಲ್ಲ. ಡೇವಿಡ್ ಗಾರ್ಡನ್ ಗ್ರೀನ್ ಎಂಬ, ಆಗಿನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ತರುಣನು ದೊಡ್ಡ ಸಂಸ್ಥೆಗಳ ಹಂಗಿಲ್ಲದೆ, ಅತ್ಯಲ್ಪ ಹಣದಲ್ಲಿ, ಉತ್ತರ ಕೆರೊಲಿನಾ ರಾಜ್ಯದಲ್ಲಿ ನಿರ್ಮಿಸಿದ ಈ ಚೊಚ್ಚಲ ಚಿತ್ರ 2000ದಲ್ಲಿ ಹೊರಬಂದಿತು. ಆ ವರ್ಷ ನ್ಯೂಯಾರ್ಕಿನ ಚಿತ್ರವಿಮರ್ಶಕರ ಕೂಟವು ಅದನ್ನು ಅತ್ಯುತ್ತಮ ಪ್ರಥಮ ಚಿತ್ರವೆಂದು ಗೌರವಿಸಿತು. (ಇದೇ ನಿರ್ದೇಶಕರು ಮುಂದೆ ಹಾಸ್ಯಚಿತ್ರಗಳನ್ನೂ ಭಯಾನಕ ಚಿತ್ರಗಳನ್ನೂ ಮಾಡಿ, 2023ರಲ್ಲಿ ‘ಎಕ್ಸಾರ್ಸಿಸ್ಟ್’ ಮಾಲಿಕೆಗೂ ಕೈಹಾಕಿದರಂತೆ. ಅದನ್ನು ನಾನು ನೋಡಿಲ್ಲ. ನೋಡುವ ಉತ್ಸಾಹವೂ ಇಲ್ಲ.)

ಕಥೆ ಒಂದು ಬಡ ಪಟ್ಟಣದ ಬೇಸಿಗೆಯದು. ತುಕ್ಕು ಹಿಡಿದ ಯಂತ್ರಗಳು, ರೈಲು ಹಳಿಗಳು, ಪಾಳುಬಿದ್ದ ಕಟ್ಟಡಗಳು. ಇವೆಲ್ಲದರ ಮೇಲೆ ಹೊಂಬಿಸಿಲು. ಟಿಮ್ ಓರ್ ಎಂಬವರ ಕ್ಯಾಮರಾ ಆ ಪಾಳನ್ನೇ ಕನಸಿನಂತೆ ತೋರಿಸುತ್ತದೆ. ನೇಶಿಯಾ ಎಂಬ ಹನ್ನೆರಡರ ಬಾಲಕಿ ನಿಧಾನವಾದ ದನಿಯಲ್ಲಿ ಕಥೆ ಹೇಳುತ್ತಾಳೆ. ಅವಳ ಗೆಳೆಯರು ಜಾರ್ಜ್, ಬಡ್ಡಿ, ವರ್ನನ್ ಮತ್ತು ಸೋನ್ಯಾ. ಹುಟ್ಟಿದಂದಿನಿಂದ ಜಾರ್ಜನ ತಲೆಬುರುಡೆ ಗಟ್ಟಿಯಾಗಿಲ್ಲ; ಆದ್ದರಿಂದ ಅವನು ಆಟಗಾರರ ಹೆಲ್ಮೆಟ್ಟನ್ನು ಧರಿಸಿಯೇ ಓಡಾಡಬೇಕು. ಒಂದು ದಿನ ಪಾಳುಬಿದ್ದ ಶೌಚಗೃಹದಲ್ಲಿ ಹುಡುಗಾಟವಾಡುವಾಗ ಜಾರ್ಜ್ ಬಡ್ಡಿಯನ್ನು ತಳ್ಳುತ್ತಾನೆ. ಬಡ್ಡಿ ಜಾರಿ ಬಿದ್ದು ತಲೆಗೆ ಏಟಾಗಿ ಸಾಯುತ್ತಾನೆ. ತಲೆಗೆ ಏಟಾಗಬಾರದೆಂದು ಎಲ್ಲರೂ ಕಾಯುತ್ತಿದ್ದುದು ಒಬ್ಬನನ್ನು, ಏಟು ಬಿದ್ದುದು ಇನ್ನೊಬ್ಬನಿಗೆ.

ಮಕ್ಕಳು ಹಿರಿಯರನ್ನು ಕರೆಯುವುದಿಲ್ಲ. ಹೆದರಿ ಶವವನ್ನು ಅಡಗಿಸುತ್ತಾರೆ. ಚಿತ್ರದ ಉಳಿದ ಭಾಗವೆಲ್ಲ ಆ ಮೌನದ ಕಥೆಯೇ. ವರ್ನನ್ ಮತ್ತು ಸೋನ್ಯಾ ಕಾರೊಂದನ್ನು ಕದ್ದು ಊರು ಬಿಡಲು ಹೊರಟು ಅಪಘಾತಕ್ಕೀಡಾಗುತ್ತಾರೆ. ಜಾರ್ಜನಾದರೋ, ತನ್ನ ತಲೆಗೆ ಅಪಾಯವೆಂದು ತಿಳಿದೂ, ಈಜುಕೊಳದಲ್ಲಿ ಮುಳುಗುತ್ತಿದ್ದ ಹುಡುಗನೊಬ್ಬನನ್ನು ರಕ್ಷಿಸುತ್ತಾನೆ. ಊರು ಅವನನ್ನು ವೀರನೆಂದು ಹೊಗಳುತ್ತದೆ. ಅಂದಿನಿಂದ ಅವನು ಬೆನ್ನಿಗೆ ನಿಲುವಂಗಿಯನ್ನು ಕಟ್ಟಿಕೊಂಡು, ಬೀದಿಯಲ್ಲಿ ವಾಹನಗಳಿಗೆ ದಾರಿ ತೋರಿಸುತ್ತ, ಲೋಕೋಪಕಾರಕ್ಕೆ ನಿಲ್ಲುತ್ತಾನೆ.

ಇಲ್ಲಿ ನನಗೆ ಚಿತ್ರದೊಡನೆ ಒಂದು ತಕರಾರಿದೆ. ಬಡ್ಡಿಯನ್ನು ಕಳೆದುಕೊಂಡವರ ಎದುರಿಗೆ ನಿಂತು ಈ ಮಕ್ಕಳು ಸತ್ಯವನ್ನು ಹೇಳುವ ಗಳಿಗೆ ಚಿತ್ರದಲ್ಲಿ ಬರುವುದೇ ಇಲ್ಲ. ಒಂದು ಜೀವ ಹೋದುದಕ್ಕೆ ಇನ್ನೊಂದು ಜೀವ ಉಳಿಸಿದರೆ ಲೆಕ್ಕ ಸರಿಹೋಯಿತೆ? ಪ್ರಾಯಶ್ಚಿತ್ತವು ನಿವೇದನೆಯ ಅನಂತರ ಬರತಕ್ಕದ್ದು, ಅದರ ಬದಲಿಗೆ ಅಲ್ಲ ಎಂದು ಧರ್ಮೋಪದೇಶದ ತರಗತಿಯ ಮಗುವೂ ಬಲ್ಲದು. ಸಹಾಯಕ ಗುರುಗಳು ಇದನ್ನು ಒಪ್ಪಲಿಲ್ಲ. ನಿರ್ದೇಶಕರು ತೀರ್ಪು ಕೊಡುತ್ತಿಲ್ಲ, ಮಾತೇ ಬಾರದ ಮಗುವೊಂದು ಏನು ಮಾಡೀತೆಂದು ತೋರಿಸುತ್ತಿದ್ದಾರೆ ಎಂಬುದು ಅವರ ವಾದ. ನಾವು ಊಟದ ಮೇಜಿನಲ್ಲಿ ಎರಡು ರಾತ್ರಿ ಚರ್ಚಿಸಿದೆವು. ಈಗ ಅವರ ಮಾತಿನಲ್ಲಿ ಅರ್ಧವನ್ನಾದರೂ ನಾನು ಒಪ್ಪುತ್ತೇನೆ.

ಸಂತ ಅಗಸ್ಟೀನರು ತಮ್ಮ ‘ನಿವೇದನೆಗಳು’ ಗ್ರಂಥದ ನಾಲ್ಕನೆಯ ಭಾಗದಲ್ಲಿ ಯೌವನದ ಗೆಳೆಯನೊಬ್ಬನ ಮರಣವನ್ನು ವರ್ಣಿಸಿದ್ದಾರೆ. ತಗಾಸ್ತೆ ಎಂಬ ಹುಟ್ಟೂರಿನಲ್ಲಿ ಆ ಗೆಳೆಯ ಜ್ವರದಿಂದ ಎಚ್ಚರ ತಪ್ಪಿದ್ದಾಗ ಅವನಿಗೆ ಜ್ಞಾನಸ್ನಾನ ಕೊಡಲಾಯಿತು. ಎಚ್ಚೆತ್ತಾಗ ಅಗಸ್ಟೀನರು ಅದನ್ನು ಗೇಲಿ ಮಾಡಿದರು. ಗೆಳೆಯ ಅವರನ್ನು ಗದರಿದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಬೀದಿ ಬೀದಿಯಲ್ಲೂ ಅವನನ್ನೇ ಕಣ್ಣು ಹುಡುಕುತ್ತಿದ್ದುದನ್ನು ತಾಳಲಾರದೆ ಅಗಸ್ಟೀನರು ಊರನ್ನೇ ಬಿಟ್ಟು ಕಾರ್ಥೇಜಿಗೆ ಹೋದರು. ಆ ಗೆಳೆಯನ ಹೆಸರನ್ನು ಅವರು ಎಲ್ಲಿಯೂ ಬರೆದಿಲ್ಲ. ಈ ದುಃಖವನ್ನು ದೇವರ ಮುಂದೆ ಅಕ್ಷರಕ್ಕಿಳಿಸಲು ಅವರಂತಹ ವಾಗ್ಮಿಗೇ ಇಪ್ಪತ್ತು ವರ್ಷಗಳು ಹಿಡಿದವು. ಹನ್ನೆರಡು-ಹದಿಮೂರರ ಹುಡುಗರಿಂದ ನಾವು ಒಂದೇ ವಾರದಲ್ಲಿ ಏನನ್ನು ಅಪೇಕ್ಷಿಸುತ್ತೇವೆ?

ನಾವು ಅಪೇಕ್ಷಿಸುವುದು ಮರೆವನ್ನು. ‘ಪರೀಕ್ಷೆ ಹತ್ತಿರ ಬಂತು, ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ’ ಎನ್ನುತ್ತೇವೆ. ಸತ್ತವನು ಮಗನಾದರೆ, ಸಹೋದರನಾದರೆ ಶೋಕಕ್ಕೆ ಸ್ಥಾನವಿದೆ, ಮುಂದಿನ ಬೆಂಚಿದೆ. ಗೆಳೆಯನಾದರೆ ದೇವಾಲಯದ ಹೊರಗಿನ ಅಂಗಳವೇ ಗತಿ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಒಂಬತ್ತನೆಯ ತರಗತಿಯ ಬಾಲಕನೊಬ್ಬ ಹೊಳೆಯಲ್ಲಿ ಮುಳುಗಿ ತೀರಿಕೊಂಡ. ಮರಣದ ಬಲಿಪೂಜೆಯ ದಿನ ಅವನ ಮೂವರು ಗೆಳೆಯರು ಒಳಗೆ ಬಾರದೆ ಮಳೆಯಲ್ಲಿ ಗೇಟಿನ ಬಳಿ ನಿಂತಿದ್ದರು. ನಾನು ಅವರ ಬಳಿಗೆ ಹೋಗಿ, ‘ನೆನೆಯಬೇಡಿ, ಮನೆಗೆ ಹೋಗಿ ಓದಿಕೊಳ್ಳಿ’ ಎಂದು ಕಳುಹಿಸಿಬಿಟ್ಟೆ. ದಯೆಯಿಂದಲೇ ಹೇಳಿದೆನೆಂದು ಆಗ ನನಗನ್ನಿಸಿತ್ತು. ಅನಂತರದ ದಿನಗಳಲ್ಲಿ ಅವರಲ್ಲೊಬ್ಬ ಆಟ ಬಿಟ್ಟ, ಊಟ ಬಿಟ್ಟ. ಮನೆಯವರು ಅದನ್ನು ಸೋಮಾರಿತನವೆಂದರು. ವರ್ಷ ಕಳೆದ ಮೇಲೆ ಅವನು ಬಂದು ನನ್ನೊಡನೆ ಮಾತನಾಡಿದ. ಪಾಪನಿವೇದನೆಯ ಪೀಠದಲ್ಲಿ ಅಲ್ಲ, ಗುರುಗಳ ಮನೆಯ ಜಗಲಿಯಲ್ಲಿ. ಇಲ್ಲಿ ಬರೆಯಲು ಅವನ ಅನುಮತಿಯನ್ನೂ ಪಡೆದಿದ್ದೇನೆ. ಅಂದು ಹೊಳೆಗೆ ಹೋಗೋಣವೆಂದು ಕರೆದವನು ತಾನೇ ಎಂದು ಅವನು ಹೇಳಿದ. ‘ಫಾದರ್, ಆ ದಿನ ಗೇಟಿನ ಹತ್ತಿರ ನೀವು ಏನಾಯಿತೆಂದು ಕೇಳಿದ್ದರೆ ಹೇಳಿಬಿಡುತ್ತಿದ್ದೆವು’ ಎಂದ.

ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ದುಃಖಕ್ಕೆ ಪರಿಹಾರಗಳನ್ನು ಚರ್ಚಿಸುವಾಗ ಅಳುವನ್ನೂ ಗೆಳೆಯರ ಅನುಕಂಪವನ್ನೂ ಸತ್ಯದ ಚಿಂತನೆಯನ್ನೂ ಹೇಳಿ, ನಿದ್ದೆ ಮತ್ತು ಸ್ನಾನವನ್ನೂ ಸೇರಿಸಿದ್ದಾರೆ. ಗುರುಮಠದಲ್ಲಿ ಇದನ್ನು ಓದುವಾಗ ನಾವು ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಗೆಳೆಯನನ್ನು ಕಳೆದುಕೊಂಡ ಹುಡುಗನಿಗೆ ಬಿಸಿನೀರು ಕಾಯಿಸಿಕೊಟ್ಟು, ಅತ್ತರೆ ಅಳಲು ಬಿಟ್ಟು, ಪಕ್ಕದಲ್ಲಿ ಕುಳಿತುಕೊಳ್ಳುವ ತಾಯಿ ಆ ಮಹಾಜ್ಞಾನಿಯ ಮಾತನ್ನೇ ಪಾಲಿಸುತ್ತಿದ್ದಾಳೆ.

ಚಿತ್ರದಲ್ಲಿಯೂ ಇಂತಹದೊಂದು ಪ್ರಸಂಗವಿದೆ. ಜಾರ್ಜನನ್ನು ಸಾಕುತ್ತಿರುವ ಸಿಡುಕಿನ ಚಿಕ್ಕಪ್ಪ ಅವನ ಪ್ರೀತಿಯ ನಾಯಿಯನ್ನು ಕೊಂದಿರುತ್ತಾನೆ. ಕೊನೆಗೆ ಆ ಒರಟ ಮನುಷ್ಯನು ಹುಡುಗನ ಮುಂದೆ ತನಗೆ ಪ್ರಾಣಿಗಳೆಂದರೆ ಏಕೆ ಭಯವೆಂಬುದನ್ನು ಬಾಯಿಬಿಟ್ಟು ಹೇಳುತ್ತಾನೆ. ಆತನ ಹೆಸರು ಡಮಾಸ್ಕಸ್, ಅಂದರೆ ನಮ್ಮ ದಮಸ್ಕ. ಸೌಲನು ದಾರಿಯಲ್ಲಿ ಕೆಳಗೆ ಬಿದ್ದುದು ಆ ಊರಿಗೆ ಹೋಗುವಾಗಲೇ. ಹಿರಿಯನೊಬ್ಬ ತನ್ನ ದೌರ್ಬಲ್ಯವನ್ನು ಮೊದಲು ಒಪ್ಪಿಕೊಂಡರೆ ಕಿರಿಯನಿಗೆ ಬಾಯಿ ತೆರೆಯುವ ಧೈರ್ಯ ಬಂದೀತು.

ಚಿತ್ರ ಒಂದೂವರೆ ಗಂಟೆಯದು, ಬಹಳ ನಿಧಾನ. ಅರ್ಧದಲ್ಲಿ ಆಕಳಿಕೆ ಬರಬಹುದು, ನನಗೂ ಬಂತು. ಚಿಕ್ಕ ಮಕ್ಕಳಿಗೆ ತಕ್ಕುದಲ್ಲ. ದೊಡ್ಡ ಮಕ್ಕಳೊಡನೆ ತಂದೆತಾಯಿಯರು ಕುಳಿತು ನೋಡಲಿ. ಮುಗಿದ ಕೂಡಲೇ ಉಪದೇಶ ಆರಂಭಿಸದಿರಲಿ.

ಆ ಹೊಳೆಯ ಹುಡುಗರು ಈಗ ಸಂಸಾರಸ್ಥರು. ಕಳೆದ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಮೂವರೂ ಊರಿಗೆ ಬಂದು ನನ್ನನ್ನೂ ಕರೆದುಕೊಂಡು ಗೆಳೆಯನ ಸಮಾಧಿಗೆ ಹೋದರು. ಅಲ್ಲಿಂದ ಅವನ ಮನೆಗೆ. ಹೊಳೆಗೆ ಕರೆದ ವಿಷಯ ತಾಯಿಗೆ ಎಂದೋ ತಿಳಿಸಲಾಗಿತ್ತು. ಆಕೆ ಚಹಾ ಕೊಟ್ಟು, ಅಷ್ಟು ವರ್ಷಗಳಲ್ಲಿ ಕೇಳದಿದ್ದ ಒಂದು ಪ್ರಶ್ನೆಯನ್ನು ಅಂದು ಕೇಳಿದರು: ‘ಅವನಿಗೆ ಈಜು ಬರುವುದಿಲ್ಲವೆಂದು ನಿಮಗೆ ಗೊತ್ತಿತ್ತೆ, ಮಕ್ಕಳೇ?’

‘ಇಲ್ಲ ಆಂಟಿ. ಬರುತ್ತದೆಂದೇ ಹೇಳಿದ್ದ.’

‘ಹಾಗೇ ಹೇಳುವವನು ಅವನು’ ಎಂದು ಆ ತಾಯಿ ಮತ್ತೆ ಚಹಾ ಬಡಿಸಲು ಎದ್ದರು.