ಬೀದರದ ವಾಯುನೆಲೆ: ಆರಂಭದ ಶಿಲ್ಕು ಎಲ್ಲಿ?

ವಾಣಿಜ್ಯಶಾಸ್ತ್ರ ತೆಗೆದುಕೊಂಡವರಿಗೆ ಮೊದಲ ವಾರದಲ್ಲೇ ಕಲಿಸುವ ಪಾಠ ಒಂದಿದೆ. ಲೆಕ್ಕದ ಪುಸ್ತಕ ತೆರೆದರೆ ಮೊದಲ ಸಾಲಿನಲ್ಲಿ ಆರಂಭದ ಶಿಲ್ಕು ಬರೆಯಬೇಕು. ಅದನ್ನು ಬಿಟ್ಟು ಮುಂದಿನ ಜಮಾ-ಖರ್ಚನ್ನು ಎಷ್ಟೇ ಮುದ್ದಾದ ಅಕ್ಷರದಲ್ಲಿ ಬರೆದರೂ ಕೊನೆಗೆ ತಾಳೆಯಾಗುವುದಿಲ್ಲ. ನಮ್ಮ ಬೀದರದ ವಾಯುನೆಲೆಯ ಚರಿತ್ರೆಯನ್ನು ಜನ ಹೇಳುವ ರೀತಿ ಕೇಳಿದಾಗಲೆಲ್ಲ ನನಗೆ ಈ ಪಾಠವೇ ನೆನಪಾಗುತ್ತದೆ.

ಬೇಕಾದರೆ ನಮ್ಮ ಸಂಘದಲ್ಲೇ ಇರುವ ಬೀದರ ಕಡೆಯ ಹುಡುಗರನ್ನು ಕೇಳಿ ನೋಡ್ರಿ. "ಏರ್‌ಫೋರ್ಸಾ? ಸೂರ್ಯಕಿರಣ ನಮ್ಮಲ್ಲೇ ಹುಟ್ಟಿದ್ದು. ಪೈಲಟ್ ಟ್ರೇನಿಂಗ್ ನಡೀತದ" ಅನ್ನುತ್ತಾರೆ. ಮಾತು ಸುಳ್ಳಲ್ಲ. ಒಂಬತ್ತು ವಿಮಾನಗಳು ಒಂದಕ್ಕೊಂದು ಅಂಟಿಕೊಂಡಂತೆ ಹಾರುವ ಸೂರ್ಯಕಿರಣ ತಂಡ 1996ರಲ್ಲಿ ಬೀದರದಲ್ಲೇ ಹುಟ್ಟಿತು. ಆದರೆ ಅದಕ್ಕಿಂತ ಹಿಂದೆ? ಹೆಚ್ಚೆಂದರೆ "ಚೀನಾ ಯುದ್ಧ ಆದಮೇಲೆ ಬಂತಂತ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಬೀದರದ ಹಾರುದಾಣದ ಮೇಲೆ ಒಮ್ಮೆ ಭಾರತದ ವಿಮಾನಗಳೇ ಬಾಂಬು ಹಾಕಿದ್ದವು ಎಂದರೆ ಅರ್ಧ ಜನ ನಗುತ್ತಾರೆ.

ನಗುವ ಸಂಗತಿ ಅಲ್ಲ ಅದು. 1947ರ ಆಗಸ್ಟ್ 15ಕ್ಕೆ ಬೀದರಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ. ಬೀದರ, ಗುಲಬರ್ಗಾ, ರಾಯಚೂರು ಮೂರೂ ಆಗ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಹೈದರಾಬಾದ ಸಂಸ್ಥಾನದಲ್ಲಿದ್ದವು. ಆ ವರ್ಷದ ನವೆಂಬರಿನಲ್ಲಿ ಭಾರತ ಸರಕಾರಕ್ಕೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಒಪ್ಪಂದದ ಕಾಗದ ಒಂದು ಕಡೆ ಇರಲಿ, ಎರಡೂ ಕಡೆ ಸಂಶಯ ಬೆಳೆಯುತ್ತಲೇ ಹೋಯಿತು. ಸಂಸ್ಥಾನಕ್ಕೆ ಸಮುದ್ರವಿಲ್ಲ, ಬಂದರಿಲ್ಲ. ನಾಲ್ಕೂ ದಿಕ್ಕಿಗೆ ಭಾರತ. ಭಾರತ ಸರಕು ಸಾಗಣೆಯನ್ನು ಬಿಗಿಮಾಡಿದಾಗ ಹೊರಗಿನಿಂದ ಏನಾದರೂ ತರಬೇಕೆಂದರೆ ಉಳಿದದ್ದು ಆಕಾಶದ ದಾರಿ ಒಂದೇ.

ಆ ದಾರಿಯಲ್ಲಿ ಬಂದವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕ. ಸಾಮಾನ್ಯ ಮನುಷ್ಯನಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ವಿಮಾನದಿಂದ ಶತ್ರುನೆಲದ ಫೋಟೋ ತೆಗೆಯುವ ವಿದ್ಯೆಯನ್ನು ಬ್ರಿಟಿಷರಿಗೆ ಬೆಳೆಸಿಕೊಟ್ಟವನು. 1948ರಲ್ಲಿ ಅವನು ಲ್ಯಾಂಕಾಸ್ಟ್ರಿಯನ್ ವಿಮಾನಗಳನ್ನು ಹೊಂದಿಸಿಕೊಂಡು ಕರಾಚಿಯಿಂದ ರಾತ್ರಿ ಹೊತ್ತು ಹೊರಟು, ಭಾರತದ ಮೇಲಿಂದಲೇ ಹಾದು, ನಿಜಾಮರ ಸಂಸ್ಥಾನಕ್ಕೆ ಆಯುಧ ಸಾಗಿಸಿದ. ಲ್ಯಾಂಕಾಸ್ಟ್ರಿಯನ್ ಅಂದರೆ ಯುದ್ಧಕಾಲದ ಲ್ಯಾಂಕಾಸ್ಟರ್ ಬಾಂಬರನ್ನೇ ಬದಲಿಸಿ ಮಾಡಿದ ಸಾಗಣೆ ವಿಮಾನ. ಅವು ಇಳಿಯುತ್ತಿದ್ದ ಜಾಗಗಳಲ್ಲಿ ಎರಡು ಹೆಸರು ಮುಖ್ಯ: ಒಂದು ವರಂಗಲ್, ಇನ್ನೊಂದು ನಮ್ಮ ಬೀದರ. ಮುಂದೆ ಇಂಗ್ಲೆಂಡಿನ ಕೋರ್ಟು ಇದಕ್ಕಾಗಿ ಅವನಿಗೆ ಹಾಕಿದ ದಂಡ 200 ಪೌಂಡು! ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಲಾಭದ ಮುಂದೆ ಅದು ಬಿಡಿಗಾಸು.

1948ರ ಸೆಪ್ಟೆಂಬರ್ 13ಕ್ಕೆ ಪೋಲೀಸ್ ಆ್ಯಕ್ಷನ್ ಶುರುವಾಯಿತು. ಹೆಸರು ಮಾತ್ರ ಪೋಲೀಸರದು. ಬಂದದ್ದು ಸೈನ್ಯ, ಟ್ಯಾಂಕು, ವಿಮಾನ. ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗ, ಉಮರ್ಗಾ ದಾಟಿ ಬಂತು. ಪುಣೆಯಿಂದ ಹಾರಿದ ಟೆಂಪೆಸ್ಟ್ ವಿಮಾನಗಳು ಅದಕ್ಕೆ ದಾರಿ ಬಿಡಿಸಿದವು. 14ನೇ ತಾರೀಖು ನಮ್ಮ ರಾಜೇಶ್ವರದ ದಾರಿಯಲ್ಲಿ ಹೊಂಚು ಹಾಕಿ ಕೂತಿದ್ದ ನಿಜಾಮರ ಪಡೆಯ ಮೇಲೆ ಆಕಾಶದಿಂದಲೇ ದಾಳಿಯಾಯಿತು. ಆಯುಧದ ವಿಮಾನಗಳು ಮತ್ತೆ ಇಳಿಯಬಾರದೆಂದು ಬೀದರ, ವರಂಗಲ್ ಹಾರುದಾಣಗಳ ಮೇಲೂ ಬಾಂಬು ಬಿದ್ದವು. 17ರ ಬೆಳಗಿನ ಜಾವ ಭಾರತದ ಸೈನ್ಯ ಬೀದರ ಊರೊಳಗೆ ಬಂತು. ಅದೇ ದಿನ ನಿಜಾಮರು ಸೋಲೊಪ್ಪಿದರು. ಐದು ದಿನದ ಕತೆ.

ಇದು, ಸ್ನೇಹಿತರೇ, ನಮ್ಮ ಲೆಕ್ಕದ ಆರಂಭದ ಶಿಲ್ಕು. ಮುಂದಿನದು ಎಲ್ಲರಿಗೂ ಅಷ್ಟಿಷ್ಟು ಗೊತ್ತಿರುವುದರಿಂದ ಬೇಗ ಹೇಳುತ್ತೇನೆ. 1956ರ ನವೆಂಬರ್ 1ಕ್ಕೆ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. 1962ರ ಯುದ್ಧದ ಪೆಟ್ಟು ತಿಂದ ಮೇಲೆ ವಾಯುಪಡೆ ದೊಡ್ಡದಾಗಬೇಕಾಯಿತು, ಹೆಚ್ಚು ಪೈಲಟ್‌ಗಳು ಬೇಕಾದರು. ಎತ್ತರದ ಬಯಲಿನ ಬೀದರದಲ್ಲಿ ಹಾರಾಟದ ಮೊದಲ ಪಾಠ ಹೇಳುವ ಶಾಲೆ ಬಂತು. ಆ ಪಾಠಕ್ಕೆ ಬಳಸಿದ ಎಚ್‌ಟಿ-2 ವಿಮಾನ 1951ರಲ್ಲಿ ಮೊದಲು ಹಾರಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ; ಭಾರತದವರೇ ರೂಪಿಸಿ ಕಟ್ಟಿದ ಮೊದಲ ತರಬೇತಿ ವಿಮಾನ. ಸೂರ್ಯಕಿರಣದವರು ಹಾರಿಸಿದ ಕಿರಣ ಕೂಡ ಎಚ್‌ಎಎಲ್‌ನದೇ. ಅಂದರೆ ಬೆಂಗಳೂರಿನ ವಿಮಾನ ಕಾರ್ಖಾನೆಗೂ ಬೀದರದ ಆಕಾಶಕ್ಕೂ ದಶಕಗಳ ನಂಟು ಇದೆ.

ಇನ್ನು ಜಮಾ ಕಡೆಗೆ ಬರೆಯುವಾಗ ನಾವು ಖರ್ಚಿನ ಕಡೆಯನ್ನು ಮರೆಯುತ್ತೇವೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2008ರ ಫೆಬ್ರವರಿಯಲ್ಲಿ ಬೀದರಕ್ಕೆ ಹಾಕ್ ಎಂಬ ಹೊಸ ಜೆಟ್ ತರಬೇತಿ ವಿಮಾನ ಬಂತು. ರಕ್ಷಣಾ ಸಚಿವರು ಬಂದರು, ಪತ್ರಿಕೆಗಳಲ್ಲಿ ಫೋಟೋ ಬಂತು. ಆದರೆ ಇಂಥ ವಿಮಾನ ಬೇಕು ಅಂತ ಲಾ ಫಾಂಟೇನ್ ಸಮಿತಿ ಹೇಳಿದ್ದು ಯಾವಾಗ? 1982ರಲ್ಲಿ! ಕೊಳ್ಳುವ ಕರಾರಿಗೆ ಸಹಿ ಬಿದ್ದದ್ದು 2004ರಲ್ಲಿ. ನಡುವೆ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ನಮ್ಮ ವಯಸ್ಸಿಗಿಂತ ಒಂದೆರಡು ವರ್ಷ ದೊಡ್ಡವರಾದ ಹುಡುಗರು ನಿಧಾನದ ಕಿರಣದಿಂದ ಇಳಿದು ನೇರವಾಗಿ ಮಿಗ್-21ರಂಥ ಶರವೇಗದ ವಿಮಾನ ಹತ್ತಬೇಕಾಯಿತು. ಸೈಕಲ್ ಕಲಿತವನ ಕೈಗೆ ಲಾರಿ ಕೊಟ್ಟ ಹಾಗೆ. ಎಷ್ಟೋ ಮಂದಿ ಮರಳಲಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಹಿಡಿದ ಕಾಲದ ಬೆಲೆಯನ್ನು ತೆತ್ತವರು ಮೇಜಿನ ಹಿಂದೆ ಕೂತವರಲ್ಲ.

ಸೂರ್ಯಕಿರಣದ ಚಪ್ಪಾಳೆಗೂ ಬೆಲೆ ಇದೆ. 2006ರ ಮಾರ್ಚಿನಲ್ಲಿ ಅಭ್ಯಾಸದ ಹೊತ್ತಿಗೆ ಇಬ್ಬರು, 2009ರ ಜನವರಿಯಲ್ಲಿ ಒಬ್ಬರು ಬೀದರದ ನೆಲದಲ್ಲೇ ಪ್ರಾಣ ಬಿಟ್ಟರು. ನಾನು ಓದಿದ ಕನ್ನಡ ಶಾಲೆಯಲ್ಲಿ ವಿಮಾನ ತಲೆ ಮೇಲೆ ಹಾದರೆ ಮಾಸ್ತರರು ಪಾಠ ನಿಲ್ಲಿಸಿ, ಸದ್ದು ಕರಗುವ ತನಕ ಸುಣ್ಣದ ಕಡ್ಡಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ವರ್ಷಕ್ಕೆ ಎಷ್ಟು ಪಾಠ ಹಾಗೆ ಹಾರಿಹೋಯಿತೋ! ಆದರೂ ಅದೇ ಸದ್ದು ಕೇಳಿ "ನಾನೂ ಪೈಲಟ್ ಆಗ್ತೀನಿ" ಎಂದ ಹುಡುಗರು ಪ್ರತಿ ಬೆಂಚಿನಲ್ಲೂ ಇದ್ದರು. ಹೇಗೆ ಆಗಬೇಕು, ಯಾವ ಪರೀಕ್ಷೆ ಬರೆಯಬೇಕು ಎಂಬುದನ್ನು ಮಾತ್ರ ಕನ್ನಡದಲ್ಲಿ ಹೇಳುವವರು ಒಬ್ಬರೂ ಇರಲಿಲ್ಲ.

ಇನ್ನೊಂದು ಬಾಬ್ತು. ಇಷ್ಟೆಲ್ಲ ವಿಮಾನ ಹಾರಿದ ಊರಿನಿಂದ ಸಾಮಾನ್ಯ ಮನುಷ್ಯ ಟಿಕೆಟ್ ಕೊಂಡು ಬೆಂಗಳೂರಿಗೆ ಹಾರಲು 2020ರ ಫೆಬ್ರವರಿ 7ರ ತನಕ ಕಾಯಬೇಕಾಯಿತು. ಪ್ರಯಾಣಿಕರ ಕಟ್ಟಡ ಸಿದ್ಧವಾಗಿ ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತಿತ್ತು. ಹೈದರಾಬಾದಿನ ಶಂಷಾಬಾದ ವಿಮಾನ ನಿಲ್ದಾಣದ 150 ಕಿಲೋಮೀಟರಿನೊಳಗೆ ಇನ್ನೊಂದು ನಿಲ್ದಾಣ ಬೇಡ ಎಂಬ ಕರಾರು ಅಡ್ಡ ಬಂದಿತ್ತು. ಆಕಾಶ ನಮ್ಮ ಊರಿನದೇ, ಆದರೆ ಅದನ್ನು ಯಾರು ಬಳಸಬೇಕು ಎಂಬುದನ್ನು ನಿಜಾಮರ ಕಾಲದಿಂದಲೂ ಬೇರೆಯವರೇ ತೀರ್ಮಾನ ಮಾಡುತ್ತ ಬಂದಿದ್ದಾರೆ. 1948 ಗೊತ್ತಿಲ್ಲದವನಿಗೆ 2020ರ ಈ ಸಂಗತಿ ಬರೀ ಸುದ್ದಿಯಾಗಿ ಕಾಣುತ್ತದೆ. ಗೊತ್ತಿದ್ದವನಿಗೆ ಅದರ ಹಿಂದಿನ ಉದ್ದದ ಗೆರೆ ಕಾಣುತ್ತದೆ. ಆರಂಭದ ಶಿಲ್ಕು ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, "ಮಿಲಿಟರಿ ವಿಷಯ, ವಿದ್ಯಾರ್ಥಿಗಳಿಗ್ಯಾಕೆ?" ಅಲ್ಲ್ರೀ, ಬೇಲಿಯೊಳಗೆ ಇವತ್ತು ಏನು ನಡೆಯುತ್ತದೆ ಎಂದು ನಾವು ಕೇಳುತ್ತಿಲ್ಲ, ಕೇಳಲೂಬಾರದು. ಎಪ್ಪತ್ತೈದು ವರ್ಷ ದಾಟಿದ ಸಂಗತಿಯಲ್ಲಿ ಯಾವ ಗುಟ್ಟು? ಸಿಡ್ನಿ ಕಾಟನ್ನೇ 1969ರಲ್ಲಿ ತನ್ನ ಕತೆಯನ್ನು ಪುಸ್ತಕ ಮಾಡಿ ಅಂಗಡಿಯಲ್ಲಿ ಮಾರಿದ್ದಾನೆ. ಆಯುಧ ತಂದವನ ಕತೆ ಇಂಗ್ಲೀಷಿನಲ್ಲಿ ಉಂಟು, ಅದು ಇಳಿದ ಊರಿನವರ ಕತೆ ಕನ್ನಡದಲ್ಲಿ ಬೇಡವೆ?

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: "1948 ಕೆದಕಿದರೆ ಹಳೆ ಗಾಯ ಬಿಚ್ಚುತ್ತದೆ, ಹಿಂದೂ-ಮುಸ್ಲಿಂ ಅಂತ ಮಾತು ಬೆಳೆಯುತ್ತದೆ." ಗಾಯ ಇರುವುದು ನಿಜ. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಮಾಡಿದ ಕೊಲೆಗಳು ನಿಜ. ಸೆಪ್ಟೆಂಬರಿನ ನಂತರ ಮುಸಲ್ಮಾನರ ಮೇಲೆ ನಡೆದದ್ದೂ ನಿಜ. ಅದನ್ನು ನೋಡಿಬರಲು ಹೋದ ಪಂಡಿತ ಸುಂದರಲಾಲರ ಸಮಿತಿ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತ್ತು. ಇಡೀ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತ್ತು. ಆ ವರದಿ ದೆಹಲಿಯಲ್ಲಿ ಓದುಗರ ಕೈಗೆ ಸಿಕ್ಕಿದ್ದು 2013ರಲ್ಲಿ. ಗೋರಟಾದಲ್ಲಿ 2023ರಲ್ಲಿ ಸ್ಮಾರಕವಾಯಿತು. ಒಂದು ಪುಟ ಹರಿದು ಇನ್ನೊಂದನ್ನೇ ಓದಿದರೆ ಜಗಳ ಬೆಳೆಯುತ್ತದೆ. ಎರಡೂ ಪುಟ ಒಂದೇ ಪುಸ್ತಕದಲ್ಲಿದ್ದರೆ ತಲೆ ತಗ್ಗಿಸುವ ಸರದಿ ಎಲ್ಲರಿಗೂ ಬರುತ್ತದೆ. ಬರೆಯದೆ ಬಿಟ್ಟ ಲೆಕ್ಕವನ್ನು ಬಾಯಲ್ಲಿ ಹೇಳುವವರು ತಮಗೆ ಬೇಕಾದ ಅಂಕಿ ಸೇರಿಸುತ್ತಾರೆ. ಅದಕ್ಕೇ ಕಾಗದದ ಮೇಲೆ ಬರಲಿ ಎನ್ನುತ್ತೇನೆ.

ಈ ಕೆಲಸ ಯಾರು ಮಾಡಬೇಕು? ಹೈದರಾಬಾದಿನಲ್ಲಿ ಓದುತ್ತಿರುವ ನಾವೇ. ನಿಜಾಮ ಸರಕಾರದ ಕಾಗದಪತ್ರಗಳ ಭಂಡಾರ ಇಲ್ಲೇ ತಾರ್ನಾಕಾದ ಪತ್ರಾಗಾರದಲ್ಲಿದೆ. ಸಿಟಿ ಬಸ್ಸಿನ ದಾರಿ. ಆ ಕಾಗದಗಳಲ್ಲಿ ಬಹಳಷ್ಟು ಉರ್ದು. ಬೆಂಗಳೂರು, ಧಾರವಾಡದ ಕನ್ನಡ ವಿದ್ಯಾರ್ಥಿಗೆ ಅದು ಗೋಡೆ. ನಮ್ಮಲ್ಲಿ ಎಷ್ಟು ಜನ ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಕಾಲೇಜಿನಲ್ಲಿ ತೆಲುಗು ಆಡುತ್ತ ಬೆಳೆದಿಲ್ಲ? "ನಿಮ್ಮ ಕನ್ನಡ ಕಲಬೆರಕೆ" ಎಂದು ಆ ಕಡೆಯವರು ನಗುತ್ತಾರಲ್ಲ, ಅದೇ ಕಲಬೆರಕೆ ಇಲ್ಲಿ ಬಂಡವಾಳ.

ಆದ್ದರಿಂದ ನಮ್ಮ ಸಂಘಕ್ಕೆ ನನ್ನ ಸೂಚನೆ ಇಷ್ಟು. ಈ ರಜೆಯಲ್ಲಿ ಬೀದರ ಕಡೆಗೆ ಹೋಗುವವರು ಒಂದೊಂದು ನೋಟುಬುಕ್ಕು ಒಯ್ಯಬೇಕು. ಬಾಂಬು ಬಿದ್ದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ರಾತ್ರಿ ಇಳಿದ ವಿಮಾನದ ಸದ್ದು ಕೇಳಿದ್ದಿರಾ, ಮೂಟೆ ಇಳಿಸಿದವರು ಯಾರು, ಕೂಲಿ ಎಷ್ಟು ಕೊಟ್ಟರು, ಬಾಂಬು ಬಿದ್ದ ದಿನ ಎಲ್ಲಿ ಅಡಗಿದಿರಿ, ವಾಯುನೆಲೆಗೆ ಹೊಲ ಹೋಗಿದ್ದರೆ ಯಾರದು, ಏನು ಸಿಕ್ಕಿತು ಎಂದು ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಂಡು ಬರಬೇಕು. ಎಲ್ಲ ಮನೆಗೂ ಹೋಗಬೇಕು, ಎಲ್ಲ ಓಣಿಗೂ ಹೋಗಬೇಕು. ಬಂದದ್ದನ್ನು ಮುಂದಿನ ಸಂಚಿಕೆಗಳಲ್ಲಿ ಅಚ್ಚು ಮಾಡೋಣ. ಸ್ಟೆನ್ಸಿಲ್ ಕೊರೆಯುವ ಕೆಲಸ ನನಗೆ ಬಿಡಿ.

ಬೀದರಕ್ಕೆ ಬಂದವರಿಗೆ ಕೋಟೆ ತೋರಿಸುತ್ತೇವೆ, ಮಹಮೂದ್ ಗವಾನನ ಮದರಸಾ ತೋರಿಸುತ್ತೇವೆ. ಐದುನೂರು ವರ್ಷದ ಹಿಂದಿನದು ಬಾಯಿಪಾಠ ಇದೆ, ಅಜ್ಜನ ಕಾಲದ್ದು ಗೊತ್ತಿಲ್ಲ. ಆ ಅಜ್ಜಂದಿರು ಇರುವ ತನಕ ಮಾತ್ರ ಈ ಪುಸ್ತಕದ ಮೊದಲ ಸಾಲು ತುಂಬಲು ಅವಕಾಶ. ನೋಟುಬುಕ್ಕಿಗೆ ಹೆಸರು ಕೊಡುವವರು ಶನಿವಾರದ ಸಭೆಗೆ ಬನ್ನಿ.